ಅಜ್ಜನ ಕಾಲದ ಮರದ ಸಾಮಾನು, ಪಾಪುವಿನ ಮೂಲೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮಗಳು ಹುಟ್ಟುವ ಮುಂಚೆ ಸಾಗರದ ತವರುಮನೆಯ ಅಟ್ಟದಿಂದ ಒಂದು ತೊಟ್ಟಿಲು, ಒಂದು ಮರದ ಪೆಟ್ಟಿಗೆ, ಕಾಲು ಅಲ್ಲಾಡುವ ಒಂದು ಮೇಜು ಇಳಿಸಿದೆವು. ಆಚಾರಿಯ ಕೈಗೆ ಕೊಟ್ಟು ಸರಿ ಮಾಡಿಸಿ ಮೈಸೂರಿನ ನಮ್ಮ ಎರಡು ಕೋಣೆಯ ಮನೆಗೆ ತಂದೆವು. ನೋಡಿದವರೆಲ್ಲ ಕೇಳಲು ಶುರು ಮಾಡಿದರು. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳಿ ಹೇಳಿ ಸಾಕಾಯಿತು, ಅದಕ್ಕೇ ಇಲ್ಲಿ ಬರೆದಿಟ್ಟಿದ್ದೇನೆ. ನಾನು ಬಡಗಿಯೂ ಅಲ್ಲ, ಡಾಕ್ಟರೂ ಅಲ್ಲ. ಮಗುವಿನ ಆರೋಗ್ಯದ ಮಾತು ಬಂದಾಗ ನಿಮ್ಮ ಡಾಕ್ಟರ್ ಹೇಳಿದ್ದೇ ಕೊನೆ.

ಮೊದಲೇ ಒಂದು ಮಾತು. ಮಗು ಮಲಗುವ ಜಾಗಕ್ಕೆ ಒಂದು ಕಾನೂನು, ಉಳಿದ ಸಾಮಾನಿಗೆ ಇನ್ನೊಂದು. ಮೇಜು, ಕಪಾಟು, ಕುರ್ಚಿಯಲ್ಲಿ ಸ್ವಲ್ಪ ಹೊಂದಿಸಿಕೊಳ್ಳಬಹುದು. ಮಲಗುವ ಜಾಗದಲ್ಲಿ ಅಜ್ಜಿಯ ನೆನಪಿಗೂ ರಿಯಾಯಿತಿ ಇಲ್ಲ, ಒಳ್ಳೆ ಕೆತ್ತನೆಗೂ ಇಲ್ಲ.

ನಮ್ಮ ಮನೆಯಲ್ಲಿ ಪಾಪುವಿಗೆ ಅಂತ ಬೇರೆ ಕೋಣೆಯೇ ಇಲ್ಲ. ಇದೆಲ್ಲ ನಮಗೆ ಬೇಕಾ?

ನಮಗೂ ಇರಲಿಲ್ಲ. ಮಗು ಒಂದೇ ಮಲಗುವ ಕೋಣೆ ನಮ್ಮ ಕಡೆ ಬಹಳ ಮನೆಗಳಲ್ಲಿ ಇರುವುದಿಲ್ಲ, ಅದೇನು ಕೊರತೆಯೂ ಅಲ್ಲ. ಮೊದಲ ಆರು ತಿಂಗಳಾದರೂ ಮಗು ಅಪ್ಪ ಅಮ್ಮನ ಕೋಣೆಯಲ್ಲೇ ಇರಲಿ, ಆದರೆ ತನ್ನದೇ ಹಾಸಿಗೆಯಲ್ಲಿ ಮಲಗಲಿ ಅಂತ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯೂ ಹೇಳುತ್ತದೆ. ನಿಮಗೆ ಬೇಕಿರುವುದು ಒಂದು ಮೂಲೆ. ಮಲಗಲು ಒಂದು ಜಾಗ, ಬಟ್ಟೆ ಇಡಲು ಒಂದು ಗೂಡು, ಹಾಲು ಕುಡಿಸಲು ಕೂರುವ ಒಂದು ಕುರ್ಚಿ. ಇವು ಮೂರೂ ಬಹುಪಾಲು ನಿಮ್ಮ ಮನೆಯಲ್ಲೋ, ಊರಿನ ಮನೆಯ ಅಟ್ಟದಲ್ಲೋ ಆಗಲೇ ಇರುತ್ತವೆ.

ಯಾವ ಹಳೆ ಸಾಮಾನು ಕೆಲಸಕ್ಕೆ ಬರುತ್ತದೆ, ಯಾವುದು ಬರುವುದಿಲ್ಲ ಅಂತ ಹೇಗೆ ಗೊತ್ತಾಗುತ್ತದೆ?

ಸಾಗುವಾನಿ, ಬೀಟೆ, ಹಲಸು, ಹೊನ್ನೆ, ಮತ್ತಿ: ಗಟ್ಟಿ ಮರದ ಸಾಮಾನಾದರೆ ಮುಕ್ಕಾಲು ಪಾಲು ಉಳಿಸಬಹುದು. ಅಲ್ಲಾಡುತ್ತಿದ್ದರೆ ಹೆದರಬೇಡಿ. ಹಳೆ ಕೂಡುಗಳು ಒಣಗಿ ಸಡಿಲ ಆಗಿರುತ್ತವೆ, ಬಿಚ್ಚಿ ಅಂಟು ಹಾಕಿ ಮತ್ತೆ ಬಿಗಿದರೆ ಆಯಿತು. ಮೊಳೆ ಹೊಡೆದು ಬಿಗಿ ಮಾಡುವುದು ಮಾತ್ರ ಬೇಡ. ನಾಳೆ ಮರ ಸವೆದಾಗ ಅದೇ ಮೊಳೆಯ ತಲೆ ಹೊರಗೆ ಬರುತ್ತದೆ, ಮಗುವಿನ ಕೈ ಅಲ್ಲೇ ಹೋಗುತ್ತದೆ.

ಬಿಡಬೇಕಾದ್ದು ಅಂಚು ಉಬ್ಬಿ ಪುಡಿ ಉದುರುವ ಪಾರ್ಟಿಕಲ್ ಬೋರ್ಡ್. ನೀರು ಕುಡಿದು ಊದಿದ ಆ ಹಲಗೆಯಲ್ಲಿ ಸ್ಕ್ರೂ ನಿಲ್ಲುವುದಿಲ್ಲ. ಎಷ್ಟೇ ಚಂದದ ಸ್ಟಿಕರ್ ಅಂಟಿಸಿದರೂ ಅದು ಕಸವೇ.

ಅಜ್ಜಿ ಕಾಲದ ತೊಟ್ಟಿಲು ಇದೆ. ನಾವೆಲ್ಲ ಅದರಲ್ಲೇ ಬೆಳೆದಿದ್ದು. ಹಾಗೇ ಬಳಸಬಹುದಲ್ವಾ?

ಇದೇ ಮಾತನ್ನು ಅಮ್ಮ ನನಗೆ ಹೇಳಿದ್ದು. ನಾನು ಅಳತೆ ಟೇಪು ಹಿಡಿದು ಕೂತಾಗ ಅವರ ಮುಖದಲ್ಲಿ ಬೇಜಾರು ಎದ್ದು ಕಾಣುತ್ತಿತ್ತು. "ನೀನೂ ನಿನ್ನ ಅಣ್ಣನೂ ಅದರಲ್ಲೇ ಮಲಗಿದ್ರಿ ಕಣೆ, ಏನಾಗಿದೆ ಈಗ?"

ಟೇಪು ಹೇಳಿದ್ದು ಬೇರೆ. ಪಕ್ಕದ ಕಡ್ಡಿಗಳ ನಡುವೆ 9 ಸೆಂಟಿಮೀಟರ್ ಸಂದು ಇತ್ತು. ಅಮೆರಿಕದಲ್ಲಿ ಮಗುವಿನ ಮಂಚದ ಕಡ್ಡಿಗಳ ನಡುವೆ ಸುಮಾರು 6 ಸೆಂಟಿಮೀಟರ್‌ಗಿಂತ ಜಾಸ್ತಿ ಜಾಗ ಇರುವಂತಿಲ್ಲ. ಕಾರಣ ಸುಲಭವಾಗಿ ಅರ್ಥ ಆಗುತ್ತದೆ. ಪುಟ್ಟ ಮಗುವಿನ ಮೈ ತೆಳ್ಳಗೆ, ತಲೆ ದೊಡ್ಡದು. ದೊಡ್ಡ ಸಂದಿನಲ್ಲಿ ಕಾಲು, ಸೊಂಟ, ಎದೆ ಎಲ್ಲ ಜಾರಿ ಆಚೆ ಹೋಗುತ್ತದೆ, ತಲೆ ಮಾತ್ರ ಸಿಕ್ಕಿಕೊಳ್ಳುತ್ತದೆ.

ನಡುವೆ ಒಂದೊಂದು ಕಡ್ಡಿ ಸೇರಿಸಿದರೆ ಮುಗಿಯಿತಲ್ಲ ಅಂದುಕೊಂಡೆ. ಆಚಾರಿ ಕೂತು ಲೆಕ್ಕ ಹಾಕಿದರು. ಇಂಚು ದಪ್ಪದ ಕಡ್ಡಿ ನಡುವೆ ಬಂದರೆ ಉಳಿಯುವುದು 3 ಸೆಂಟಿಮೀಟರ್ ಚಿಲ್ಲರೆ. "ಇಷ್ಟು ಕಿರಿದಾದ್ರೆ ಮಗೀನ ಕಾಲು ಹೋಗತ್ತೆ, ವಾಪಸ್ ಬರಲ್ಲ ಅಮ್ಮಾ" ಅಂದರು. ಅವರು ಹೇಳಿದ್ದು ಸರಿ. ಯುರೋಪಿನ ಅಳತೆಯಲ್ಲಿ ಈ ಸಂದು 4.5ರಿಂದ 6.5 ಸೆಂಟಿಮೀಟರ್ ಒಳಗಿರಬೇಕು, ಅಂದರೆ ಕಮ್ಮಿಗೂ ಒಂದು ಮಿತಿ ಇದೆ. ಕೊನೆಗೆ ಅವರು ಎಲ್ಲ ಕಡ್ಡಿಗಳನ್ನೂ ಕಿತ್ತು, 5.5 ಸೆಂಟಿಮೀಟರ್ ಅಗಲದ ಒಂದು ಮರದ ತುಂಡು ಕುಯ್ದುಕೊಂಡರು. ಅದನ್ನು ಪ್ರತಿ ಎರಡು ಕಡ್ಡಿಯ ನಡುವೆ ನಿಲ್ಲಿಸಿ, ತಾಗಿಸಿ, ಆಮೇಲೆ ಹೊಸ ತೂತು ಕೊರೆದರು. ಹಳೆ ತೂತುಗಳಿಗೆ ಅದೇ ಮರದ ಬಿರಡೆ. ಹತ್ತಿರ ಹೋಗಿ ನೋಡಿದರೆ ಮಾತ್ರ ಗುರುತು ಸಿಗುತ್ತದೆ.

ಸಂದು ಆದ ಮೇಲೆ ಇನ್ನೂ ನೋಡುವುದಿದೆ. ನಾಲ್ಕು ಮೂಲೆಯ ಗೊಂಬೆ, ಗಿಳಿ, ಕಳಶ ಎಲ್ಲ ಅಂಗಿ ಸಿಕ್ಕಿಹಾಕಿಕೊಳ್ಳುವ ಕೊಕ್ಕೆಗಳೇ. ಬಿಚ್ಚಲು ಬಂದರೆ ಬಿಚ್ಚಿಡಿ. ತೂಗುವ ಸರಪಳಿಯ ಕೊಂಡಿಗಳನ್ನು ಒಂದೊಂದಾಗಿ ತಿರುಗಿಸಿ ನೋಡಿ, ಒಳಗಿನ ಬದಿ ಸವೆದು ತೆಳ್ಳಗಾಗಿರುತ್ತದೆ, ಹೊರಗೆ ಕಾಣುವುದಿಲ್ಲ. ತಳ ಸಮತಟ್ಟಾಗಿರಬೇಕು, ನಡುವೆ ತಗ್ಗಿರಬಾರದು. ಹಾಸಿಗೆಗೂ ಪಕ್ಕಕ್ಕೂ ನಡುವೆ ಎರಡು ಬೆರಳಿಗಿಂತ ಜಾಸ್ತಿ ಜಾಗ ಬೇಡ. ತೂಗದೆ ಇರುವಾಗ ತೊಟ್ಟಿಲು ಒಂದು ಕಡೆಗೆ ವಾಲಬಾರದು.

ಇಷ್ಟೆಲ್ಲ ಮಾಡಲು ಆಗದಿದ್ದರೆ ಆ ತೊಟ್ಟಿಲನ್ನು ಹೆಸರಿಡುವ ದಿನದ ಶಾಸ್ತ್ರಕ್ಕೆ ಬಳಸಿ, ಎಲ್ಲರೂ ಸುತ್ತ ನಿಂತಿರುತ್ತಾರೆ. ಆಮೇಲೆ ಅದರಲ್ಲಿ ಮಡಚಿದ ಬಟ್ಟೆ ಇಡಿ. ರಾತ್ರಿ ಮಲಗಿಸುವುದು ಬೇಡ.

ತೊಟ್ಟಿಲಲ್ಲಿ ಎಷ್ಟು ತಿಂಗಳವರೆಗೆ ಮಲಗಿಸಬಹುದು?

ತಿಂಗಳ ಲೆಕ್ಕಕ್ಕಿಂತ ಮಗುವನ್ನು ನೋಡಿ. ಮಗುಚಿಕೊಳ್ಳಲು ಶುರು ಮಾಡಿತು, ಕೈ ಊರಿ ಎದ್ದಿತು ಅಂದರೆ ತೂಗುವ ತೊಟ್ಟಿಲಿನ ಕಾಲ ಮುಗಿಯಿತು. ನಮ್ಮ ಮಗಳು ನಾಲ್ಕು ತಿಂಗಳಿಗೇ ಮಗುಚಿದಳು. ಅಷ್ಟು ಕಷ್ಟಪಟ್ಟು ಸರಿ ಮಾಡಿಸಿದ್ದು ಅಷ್ಟೇ ದಿನಕ್ಕಾ ಅಂತ ಹೊಟ್ಟೆ ಉರಿಯಿತು, ಸುಳ್ಳು ಹೇಳುವುದಿಲ್ಲ.

ಸೀರೆಯ ಜೋಲಿ ಕಟ್ಟುವುದು?

ಎಚ್ಚರ ಇರುವ ದೊಡ್ಡವರು ಪಕ್ಕದಲ್ಲೇ ಕೂತಿರುವಾಗ ಸ್ವಲ್ಪ ಹೊತ್ತು ತೂಗುತ್ತೀರಾದರೆ ಅದು ನಿಮ್ಮ ಲೆಕ್ಕ. ರಾತ್ರಿಯ ನಿದ್ದೆಗೆ ಬೇಡ. ಜೋಲಿಯಲ್ಲಿ ಮಗುವಿನ ಬೆನ್ನು ಬಿಲ್ಲಿನಂತೆ ಬಾಗುತ್ತದೆ, ಗಲ್ಲ ಎದೆಗೆ ತಾಗಿ ಉಸಿರಿನ ದಾರಿ ಕಿರಿದಾಗುತ್ತದೆ. ಮನೆಯಲ್ಲಿ ಮೂರು ನಾಲ್ಕು ವರ್ಷದ ಮಕ್ಕಳಿದ್ದರೆ ಇನ್ನೂ ಒಂದು ಅಪಾಯ. ಖಾಲಿ ಜೋಲಿ ಅವರಿಗೆ ಆಟದ ಉಯ್ಯಾಲೆ, ಕುತ್ತಿಗೆಗೆ ಸುತ್ತಿಕೊಳ್ಳಲು ಒಂದು ತಿರುವು ಸಾಕು. ಬಳಸಿದ ಕೂಡಲೇ ಬಿಚ್ಚಿ ಮಡಚಿಡಿ.

ನಮ್ಮಲ್ಲಿ ಬಣ್ಣದ ಚಿತ್ರಗಳಿರುವ ಕಲಘಟಗಿ ತೊಟ್ಟಿಲು ಇದೆ. ಬಣ್ಣ ಮಾಸಿದೆ. ಹೊಸದಾಗಿ ಬಳಿಸಲಾ?

ದಯವಿಟ್ಟು ಬೇಡ. ಧಾರವಾಡ ಜಿಲ್ಲೆಯ ಕಲಘಟಗಿಯ ತೊಟ್ಟಿಲುಗಳ ಮೇಲೆ ಕೃಷ್ಣನ ಬಾಲಲೀಲೆ, ರಾಮಾಯಣದ ಕಥೆಗಳನ್ನು ಅರಗಿನ ಬಣ್ಣದಲ್ಲಿ ಬರೆಯುತ್ತಿದ್ದರು. ಅಂಗಡಿಯ ಎನಾಮೆಲ್ ಪೇಂಟ್ ಒಂದು ಕೋಟ್ ಹೊಡೆದರೆ ಅದೆಲ್ಲ ಹೋಯಿತು. ಒಣ ಮೆತ್ತನೆ ಬಟ್ಟೆಯಲ್ಲಿ ಧೂಳು ಒರೆಸಿ, ಸ್ಪಿರಿಟ್ ತಾಗಿಸಬೇಡಿ, ಅರಗು ಸ್ಪಿರಿಟ್ಟಿಗೆ ಕರಗುತ್ತದೆ. ಶಾಸ್ತ್ರದ ದಿನ ಬಳಸಿ, ಉಳಿದ ದಿನ ನೋಡಿ ಖುಷಿಪಡಿ.

ಹಳೆ ಬಣ್ಣದಲ್ಲಿ ಸೀಸ ಇರುತ್ತದೆ ಅಂತಾರೆ. ಅಷ್ಟು ಹೆದರಬೇಕಾ?

ಈ ಇಡೀ ಪುಟದಲ್ಲಿ ನಾನು ನಿಜವಾಗಿ ಹೆದರಿಸಲು ಬಯಸುವುದು ಇದೊಂದಕ್ಕೆ.

ನಮ್ಮ ದೇಶದಲ್ಲಿ ಮನೆಗೆ ಹೊಡೆಯುವ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 90 ಪಾಲು) ಮೀರಬಾರದು ಅನ್ನುವ ನಿಯಮ ಬಂದದ್ದು 2016ರಲ್ಲಿ, ಜಾರಿಯಾದದ್ದು 2017ರ ನವೆಂಬರ್ 1ರಿಂದ. ಅಂದರೆ ಅದಕ್ಕೆ ಮುಂಚಿನ ಬಣ್ಣದ ಕುರ್ಚಿ, ಮಂಚ, ಕಿಟಕಿಯಲ್ಲಿ ಸೀಸ ಇರಬಹುದು ಅಂತಲೇ ಇಟ್ಟುಕೊಳ್ಳಿ. ಹಳದಿ, ಕೇಸರಿ, ಕೆಂಪು, ಹಸಿರು ಬಣ್ಣಗಳ ಮೇಲೆ ಅನುಮಾನ ಜಾಸ್ತಿ, ಹಳದಿ ಮತ್ತು ಕೇಸರಿ ಬರುತ್ತಿದ್ದದ್ದೇ ಸೀಸದ ಕ್ರೋಮೇಟಿನಿಂದ. ಸೀಸ ಮಗುವಿನ ಮೆದುಳಿಗೆ ಪೆಟ್ಟು ಕೊಡುತ್ತದೆ. ಇಷ್ಟರವರೆಗೆ ಪರವಾಗಿಲ್ಲ ಅನ್ನುವ ಸುರಕ್ಷಿತ ಮಟ್ಟ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹೊಟ್ಟೆಗೆ ಹೋದ ಸೀಸವನ್ನು ಚಿಕ್ಕ ಮಕ್ಕಳ ಮೈ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೀರಿಕೊಳ್ಳುತ್ತದೆ. ಹಲ್ಲು ಬರುವ ಹೊತ್ತಿಗೆ ಮಗು ಮಂಚದ ಅಂಚನ್ನು ಜೋಳದ ತೆನೆಯ ಹಾಗೆ ಕಚ್ಚುತ್ತದೆ, ನೋಡಿರುತ್ತೀರಲ್ಲ?

ತಮಾಷೆ ಅಂದರೆ ಬಣ್ಣ ಸುಮ್ನೆ ಇರುವಾಗ ಇರುವುದಕ್ಕಿಂತ, ನಾವು ಅದನ್ನು ತೆಗೆಯಲು ಹೋದಾಗ ಅಪಾಯ ಹೆಚ್ಚು. ಒಣಗಿದ ಬಣ್ಣವನ್ನು ಉಪ್ಪು ಕಾಗದ ಹಿಡಿದು ಉಜ್ಜಿದರೆ ಸೀಸದ ಧೂಳು ಮನೆ ತುಂಬಾ ಕೂರುತ್ತದೆ. ಬಸುರಿ ಹೆಂಗಸು ಆ ಕೆಲಸದ ಹತ್ತಿರವೂ ಸುಳಿಯಬಾರದು. ಬೆಂಕಿ ಅಥವಾ ಹೀಟ್ ಗನ್ ಹಿಡಿದು ಬಣ್ಣ ಸುಡಿಸುವುದಂತೂ ಬೇಡವೇ ಬೇಡ, ಆ ಹೊಗೆ ಇನ್ನೂ ಕೆಟ್ಟದ್ದು.

ನನ್ನ ಸಲಹೆ ನೇರ. ಹಳೆ ಬಣ್ಣದ ಸಾಮಾನನ್ನು ಮಗುವಿನ ಬಾಯಿಗೆ ಎಟುಕುವ ಜಾಗದಿಂದ ದೂರ ಇಡಿ. ಅದೇ ಬೇಕು ಅನ್ನುವ ಹಟವಿದ್ದರೆ ಮನೆಯಿಂದ ಹೊರಗೆ, ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿ, ನೀರು ಚಿಮುಕಿಸುತ್ತಾ ಒದ್ದೆಯಾಗಿಯೇ ಉಜ್ಜಿಸಿ. ಕೆಲಸ ಮಾಡುವವರಿಗೆ ಎನ್95 ಮಾಸ್ಕ್ ಕೊಡಿ, ಅವರಿಗೂ ಮನೆಯಲ್ಲಿ ಮಕ್ಕಳಿರುತ್ತಾರೆ. ಪುಡಿಯನ್ನು ಹಾಳೆಯ ಸಮೇತ ಸುತ್ತಿ ತೆಗೆಯಿರಿ, ಪೊರಕೆಯಲ್ಲಿ ಗುಡಿಸಬೇಡಿ, ಸೋಪುನೀರಿನ ಬಟ್ಟೆಯಲ್ಲಿ ಒರೆಸಿ. ಕೆಲಸದ ಬಟ್ಟೆ ಬೇರೆ ಒಗೆಯಿರಿ.

ನಮ್ಮ ಮೇಜಿನ ಮೇಲೆ ಹಸಿರು, ಅದರ ಕೆಳಗೆ ಹಳದಿ, ಅದರ ಕೆಳಗೆ ಮತ್ತೆ ಹಸಿರು ಇತ್ತು. ಒಂದು ಮೂಲೆ ಕೆರೆದು ನೋಡಿ ಹಾಗೇ ಬಿಟ್ಟೆವು. ಅದೀಗ ಬಾಲ್ಕನಿಯಲ್ಲಿ ತುಳಸಿ ಕುಂಡ ಹೊತ್ತು ನಿಂತಿದೆ.

ಹಾಗಾದರೆ ಯಾವ ಪಾಲಿಶ್, ಯಾವ ಬಣ್ಣ ಹೊಡೆಸಬೇಕು?

ಕೆರೆದ ಮೇಲೆ 80, 120, 220 ನಂಬರಿನ ಉಪ್ಪು ಕಾಗದ, ಅದೇ ಕ್ರಮದಲ್ಲಿ. ಕೊನೆಯಲ್ಲಿ ಹತ್ತಿಯ ಉಂಡೆಯನ್ನು ಮರದ ಮೇಲೆ ಎಳೆದು ನೋಡಿ. ಎಲ್ಲಿ ಹತ್ತಿಯ ಎಳೆ ಸಿಕ್ಕುತ್ತದೋ ಅಲ್ಲಿ ಸಿಬಿರು ಇದೆ ಅಂತ ಅರ್ಥ. ಮೂಲೆಗಳನ್ನು ಹತ್ತು ರೂಪಾಯಿ ನಾಣ್ಯದ ಸುತ್ತಿನಷ್ಟು ದುಂಡಗೆ ಮಾಡಿಸಿ.

ಮಗು ಬಾಯಿ ಹಾಕುವ ಜಾಗಕ್ಕೆ ನನ್ನ ಆಯ್ಕೆ ಅರಗು, ಅಂದರೆ ಹಳೆಯ ಕಾಲದ ಫ್ರೆಂಚ್ ಪಾಲಿಶ್. ಚನ್ನಪಟ್ಟಣದ ಗೊಂಬೆಗೆ ಮಿರುಗು ಕೊಡುವುದೂ ಅರಗೇ. ಮಾತ್ರೆಗಳ ಮೇಲೆ, ಮಿಠಾಯಿಯ ಮೇಲೆ ಹೊಳಪಿಗೆ ಹಚ್ಚುವುದೂ ಅದನ್ನೇ. ಆದರೆ ಅದಕ್ಕೆ ನೀರು ಆಗುವುದಿಲ್ಲ. ಉಚ್ಚೆ ಬಿದ್ದ ಜಾಗ ಬೆಳ್ಳಗಾಗುತ್ತದೆ. ಹಾಗಾಗಿ ಒದ್ದೆಯಾಗುವ ಮೇಲ್ಮೈಗೆ ನೀರಿನಲ್ಲಿ ಕಲಸುವ ಪಿಯು (ಪಾಲಿಯುರೆಥೇನ್) ಪಾಲಿಶ್ ಹೊಡೆಸಿ, ಮೂರು ವಾರ ಗಾಳಿಗೆ ಬಿಡಿ.

ಮೆಲಮೈನ್ ಪಾಲಿಶ್ ಬೇಡ ಅನ್ನಿ. ಆಚಾರಿಗಳಿಗೆ ಅದು ಇಷ್ಟ, ಬೇಗ ಒಣಗುತ್ತದೆ, ಗಾಜಿನಂತೆ ಹೊಳೆಯುತ್ತದೆ. ಆದರೆ ಗಟ್ಟಿಯಾಗುವಾಗ ಫಾರ್ಮಾಲ್ಡಿಹೈಡ್ ಬಿಡುತ್ತದೆ. ಕಣ್ಣು ಉರಿಯುವ ಆ ವಾಸನೆ ಅದರದ್ದೇ.

ಅಗಸೆ ಎಣ್ಣೆ, ಜೇನುಮೇಣ ಕೂಡ ಒಳ್ಳೆಯವು. ಹಸಿ ಅಗಸೆ ಎಣ್ಣೆ ಒಣಗಲು ವಾರಗಟ್ಟಲೆ ಬೇಕು, ತಾಳ್ಮೆ ಇದ್ದರೆ ಮಾತ್ರ. ಅಂಗಡಿಯಲ್ಲಿ ಸಿಗುವ ಕುದಿಸಿದ ಎಣ್ಣೆಗೆ ಬೇಗ ಒಣಗಲಿ ಅಂತ ಲೋಹದ ಲವಣ ಸೇರಿಸಿರುತ್ತಾರೆ, ಅದು ಬೇಡ. ಯಾವುದೇ ಆದರೂ ಎಣ್ಣೆ ಒರೆಸಿದ ಬಟ್ಟೆಯನ್ನು ಮುದುಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯಾದ ಬಟ್ಟೆ ತಾನಾಗೇ ಹೊತ್ತಿಕೊಳ್ಳಬಹುದು. ಬಿಡಿಸಿ ಹಗ್ಗದ ಮೇಲೆ ಹರವಿ, ಇಲ್ಲವೇ ನೀರಿನಲ್ಲಿ ನೆನೆಸಿ. ಕೊಬ್ಬರಿ ಎಣ್ಣೆ ಒಣಗುವುದೇ ಇಲ್ಲ, ಮುಗ್ಗಲು ವಾಸನೆ ಬರುತ್ತದೆ.

ಊರಲ್ಲಿ ಮರಕ್ಕೆ ಗೇರೆಣ್ಣೆ ಬಳಿಯುತ್ತಾರೆ. ಹುಳ ಹತ್ತುವುದಿಲ್ಲವಂತೆ?

ಹುಳ ಹತ್ತುವುದಿಲ್ಲ, ನಿಜ. ತೊಲೆಗೆ, ಪಕಾಸಿಗೆ ಬಳಿಯಿರಿ. ಗೇರುಬೀಜದ ಸಿಪ್ಪೆಯ ಎಣ್ಣೆ ದೊಡ್ಡವರ ಕೈಯಲ್ಲೇ ಬೊಬ್ಬೆ ಏಳಿಸುತ್ತದೆ. ಮಗುವಿನ ಸಾಮಾನಿಗೆ ಬೇಡ.

ಮರದಲ್ಲಿ ಕುಟ್ಟೆ ಹಿಡಿದಿದೆ. ಉಳಿಸಬಹುದಾ?

ಮೊದಲು ಹುಳ ಇನ್ನೂ ಇದೆಯಾ ಅಂತ ನೋಡಿ. ಪುಡಿಯನ್ನೆಲ್ಲ ಒರೆಸಿ ಸಾಮಾನನ್ನು ಒಂದು ಕಪ್ಪು ಕಾಗದದ ಮೇಲೆ ಅಲುಗಾಡದಂತೆ ನಿಲ್ಲಿಸಿ. ಎರಡು ಮೂರು ವಾರದಲ್ಲಿ ಮತ್ತೆ ಮೈದಾಹಿಟ್ಟಿನಂಥ ಪುಡಿ ಬಿದ್ದರೆ ಹುಳ ಒಳಗೇ ಇದೆ. ಬೀಳದಿದ್ದರೆ ಅವು ಹಳೆ ತೂತುಗಳು, ಮುಚ್ಚಿಸಿದರೆ ಸಾಕು. ಹುಳ ಇದ್ದ ಭಾಗವನ್ನು ಕತ್ತರಿಸಿ ಹೊಸ ತುಂಡು ಕೂರಿಸುವುದು ಮೇಲು. ಗೆದ್ದಲಿನ ಔಷಧ ಚುಚ್ಚಿಸಿದ ಸಾಮಾನು ಮಗು ಮಲಗುವ ಜಾಗಕ್ಕೆ ಬೇಡ.

ಹಳೆ ಮಂಚ, ಬೆತ್ತದ ಕುರ್ಚಿ ತಂದರೆ ತಿಗಣೆಯನ್ನೂ ಹುಡುಕಿ. ರಾತ್ರಿ ಟಾರ್ಚ್ ಬಿಟ್ಟು ಸಂದುಗಳನ್ನು ನೋಡಿ, ಕಪ್ಪು ಚುಕ್ಕೆ ಕಂಡರೆ ಅನುಮಾನವೇ ಬೇಡ. ಮನೆಯೊಳಗೆ ತರುವ ಮುಂಚೆಯೇ ಅಂಗಳದಲ್ಲಿ ಕುದಿಯುವ ನೀರು ಹುಯ್ದು ಬಿಸಿಲಿಗೆ ಹಾಕಿ.

ಹಳೆ ಸ್ಟೀಲ್ ಬೀರು ಇದೆ. ಪಾಪುವಿನ ಬಟ್ಟೆಗೆ ಆಗುತ್ತಾ?

ಆಗುತ್ತದೆ, ಆದರೆ ಮೊದಲು ನುಸಿಗುಳಿಗೆ ತೆಗೆಯಿರಿ. ನ್ಯಾಫ್ತಲೀನ್ ವಾಸನೆ ಹಿಡಿದ ಬಟ್ಟೆ ಹಾಕಿದರೆ ಕೆಲವು ಶಿಶುಗಳಿಗೆ ರಕ್ತದ ಕೆಂಪು ಕಣಗಳೇ ಒಡೆಯುತ್ತವೆ, ಕಾಮಾಲೆ ಏರುತ್ತದೆ. ಜಿ6ಪಿಡಿ ಕೊರತೆ ಅನ್ನುವ ಹುಟ್ಟಿನಿಂದ ಬರುವ ತೊಂದರೆ ಇರುವ ಮಕ್ಕಳಿಗೆ ಇದು ದೊಡ್ಡ ಅಪಾಯ, ಮಗುವಿಗೆ ಅದು ಇದೆಯೋ ಇಲ್ಲವೋ ನಿಮಗೆ ಗೊತ್ತಿರುವುದಿಲ್ಲ. ಅಜ್ಜಿ ಜೋಪಾನವಾಗಿ ಗುಳಿಗೆ ಹಾಕಿ ಇಟ್ಟ ಕುಲಾವಿ, ಸ್ವೆಟರು, ಕೌದಿಗಳಿಗೂ ಇದೇ ಮಾತು. ಒಗೆದು ಎರಡು ಮೂರು ದಿನ ಬಿಸಿಲು, ಗಾಳಿಗೆ ಹಾಕಿ, ಮೂಗಿಗೆ ವಾಸನೆ ಬಾರದ ಮೇಲೆಯೇ ಬಳಸಿ. ಬೀರುವಿನ ಒಳಗೂ ಸೋಪುನೀರಿನಲ್ಲಿ ಒರೆಸಿ ವಾರಪೂರ್ತಿ ಬಾಗಿಲು ತೆಗೆದಿಡಿ. ಗುಳಿಗೆಯ ಬದಲು ಒಣ ಬೇವಿನೆಲೆ ಅಥವಾ ಲಾವಂಚದ ಬೇರು ಸಾಕು.

ಬೀರುವಿನ ಕೀಲಿಕೈ ಬಾಗಿಲಲ್ಲೇ ಬಿಡಬೇಡಿ.

ಡ್ರಾಯರ್ ಕಪಾಟನ್ನು ಗೋಡೆಗೆ ಬಿಗಿಯಲೇಬೇಕಾ? ಅಷ್ಟು ಭಾರ ಇದೆ, ಬೀಳುತ್ತಾ?

ಬೀಳುತ್ತದೆ. ಭಾರ ಇದ್ದಷ್ಟೂ ಪೆಟ್ಟು ಜಾಸ್ತಿ. ಮಗುವಿಗೆ ಡ್ರಾಯರ್ ಅಂದರೆ ಮೆಟ್ಟಿಲು. ಕೆಳಗಿನದ್ದು ಎಳೆಯುತ್ತದೆ, ಹತ್ತುತ್ತದೆ, ಮೇಲಿನದ್ದು ಎಳೆಯುತ್ತದೆ. ಡ್ರಾಯರುಗಳೆಲ್ಲ ಮುಂದೆ ಬಂದಾಗ ಭಾರ ಮುಂದಕ್ಕೆ ವಾಲಿ ಇಡೀ ಕಪಾಟು ಮೈಮೇಲೆ. 2016ರಲ್ಲಿ ಅಮೆರಿಕದಲ್ಲಿ ಒಂದು ದೊಡ್ಡ ಕಂಪನಿ ಇದೇ ಕಾರಣಕ್ಕೆ ಸುಮಾರು 2.9 ಕೋಟಿ ಡ್ರಾಯರ್ ಕಪಾಟುಗಳನ್ನು ವಾಪಸ್ ಕರೆಯಬೇಕಾಯಿತು. 2022ರಲ್ಲಿ ಅಲ್ಲಿ ಇದಕ್ಕೆಂದೇ ಕಾನೂನೂ ಬಂತು.

ಕಪಾಟಿನ ತಲೆಯ ಹತ್ತಿರ ಎರಡು ಎಲ್ ಕ್ಲಾಂಪ್, ಅಂದರೆ L ಆಕಾರದ ಲೋಹದ ಪಟ್ಟಿ, ಹಾಕಿಸಿ. ಕ್ಲಾಂಪಿನ ಸ್ಕ್ರೂ ಕಪಾಟಿನ ಗಟ್ಟಿ ಚೌಕಟ್ಟಿಗೆ ಹೋಗಬೇಕು, ಹಿಂದಿನ ತೆಳು ಪ್ಲೈಗೆ ಅಲ್ಲ. ಇಟ್ಟಿಗೆ ಗೋಡೆಯಾದರೆ ಪ್ಲಗ್ ಹಾಕಿ ಬಿಗಿಯುವುದು ಸುಲಭ. ಹಾಲೋ ಬ್ಲಾಕ್ ಆದರೆ ಅದಕ್ಕೇ ಬೇರೆ ಪ್ಲಗ್ ಬರುತ್ತದೆ, ಹಾರ್ಡ್‌ವೇರ್ ಅಂಗಡಿಯಲ್ಲಿ ಗೋಡೆ ಯಾವುದು ಅಂತ ಹೇಳಿ ಕೇಳಿ. ಮಲೆನಾಡಿನ ಹಳೆ ಮಣ್ಣಿನ ಗೋಡೆಯಲ್ಲಿ ಯಾವ ಪ್ಲಗ್ಗೂ ನಿಲ್ಲುವುದಿಲ್ಲ. ಮರದ ಕಂಬಕ್ಕೆ ಬಿಗಿಯಿರಿ, ಇಲ್ಲದಿದ್ದರೆ ಎತ್ತರದ ಕಪಾಟು ಆ ಕೋಣೆಯಲ್ಲಿ ಬೇಡ. ಭಾರದ ಸಾಮಾನು ಕೆಳಗಿನ ಡ್ರಾಯರಿನಲ್ಲಿ, ಮೇಲೆ ಟಿವಿ ಇಡಬೇಡಿ.

ಬಾಡಿಗೆ ಮನೆ. ಓನರ್ ಗೋಡೆಗೆ ತೂತು ಹೊಡೆಯಲು ಬಿಡುವುದಿಲ್ಲ.

ಹಾಗಾದರೆ ಸೊಂಟದ ಎತ್ತರದ ಕಪಾಟೂ ಬೇಡ. ನೆಲದ ಮೇಲೆ ಕೂರುವ ತಗ್ಗಿನ ಪೆಟ್ಟಿಗೆ, ಬುಟ್ಟಿ ಸಾಕು. ಒಂದು ಮಾತು ಕೇಳಿಯಂತೂ ನೋಡಿ. ಮಗುವಿನ ವಿಷಯ ಅಂದರೆ ನಮ್ಮ ಓನರ್ ಕರಗಿದರು, ಹೋಗುವಾಗ ಪುಟ್ಟಿ ಹಾಕಿಸಿ ಅಂದರು ಅಷ್ಟೇ.

ಹಳೆ ಮರದ ಪೆಟ್ಟಿಗೆ, ಟ್ರಂಕು ಆಟದ ಸಾಮಾನಿಗೆ?

ಮುಚ್ಚಳ ತೆಗೆಸಿಬಿಡಿ. ನಾವು ಮುಚ್ಚಳ ಚೆನ್ನಾಗಿದೆ ಅಂತ ಉಳಿಸಿಕೊಂಡಿದ್ದೆವು, ಹಿತ್ತಾಳೆ ಪಟ್ಟಿ ಬಡಿದ ಹಲಸಿನ ಹಲಗೆ. ರಜೆಗೆ ಬಂದ ಅಕ್ಕನ ಮಗ ಬಗ್ಗಿ ಚೆಂಡು ತೆಗೆಯುವಾಗ ಅದು ಬೆರಳ ಮೇಲೆ ಬಿತ್ತು. ಉಗುರು ಹೋಯಿತು, ಮೂಳೆ ಉಳಿಯಿತು. ಬಗ್ಗಿದ ಮಗುವಿನ ಕುತ್ತಿಗೆಯ ಮೇಲೆ ಬಿದ್ದಿದ್ದರೆ ಅಂತ ನೆನೆಸಿಕೊಂಡರೆ ಈಗಲೂ ಕೈ ತಣ್ಣಗಾಗುತ್ತದೆ. ಇನ್ನೊಂದು ಅಪಾಯ, ಮಕ್ಕಳು ಒಳಗೆ ಕೂತು ಮುಚ್ಚಳ ಹಾಕಿಕೊಳ್ಳುವುದು. ಹಳೆ ಪೆಟ್ಟಿಗೆಗಳು ಗಾಳಿ ಆಡದಷ್ಟು ಬಿಗಿಯಾಗಿರುತ್ತವೆ. ಆ ಮುಚ್ಚಳವೀಗ ಗೋಡೆಯ ಮೇಲೆ ಶೆಲ್ಫ್ ಆಗಿದೆ.

ಅಜ್ಜನ ಆರಾಮ ಕುರ್ಚಿಯಲ್ಲಿ ಕೂತು ಹಾಲು ಕುಡಿಸಬಹುದಾ?

ನೋಡಲು ಚಂದ, ಕೆಲಸಕ್ಕೆ ಕಷ್ಟ. ಅದು ಹಿಂದಕ್ಕೆ ಒರಗಿ ಪೇಪರ್ ಓದಲು ಮಾಡಿದ ಕುರ್ಚಿ. ಹಾಲು ಕುಡಿಸಲು ಮುಂದೆ ಬಾಗಬೇಕು, ಬೆನ್ನಿಗೆ ಆಸರೆ ಸಿಗುವುದಿಲ್ಲ. ಸಿಸೇರಿಯನ್ ಆದವರಿಗೆ ಮಗುವನ್ನು ಹಿಡಿದು ಅದರಿಂದ ಏಳುವುದು ಹಿಂಸೆ. ಅದಕ್ಕಿಂತ ಊಟದ ಟೇಬಲಿನ ಹಳೆಯ ಕೈ ಇರುವ ಕುರ್ಚಿ ಒಳ್ಳೆಯದು. ಬೆತ್ತ ಹರಿದಿದ್ದರೆ ಹೊಸದಾಗಿ ಹೆಣೆಸಿ. ಕಾಲ ಕೆಳಗೆ ಊಟದ ಮಣೆ ಇಟ್ಟುಕೊಳ್ಳಿ, ಮೊಣಕಾಲು ಸ್ವಲ್ಪ ಮೇಲೆ ಬಂದರೆ ಮಗು ತಾನಾಗೇ ಎದೆಯ ಹತ್ತಿರ ಬರುತ್ತದೆ.

ಹಳೆ ಮೇಜನ್ನು ಬಟ್ಟೆ ಬದಲಿಸುವ ಟೇಬಲ್ ಮಾಡಿದರೆ?

ನೆಲದ ಮೇಲೆ ಚಾಪೆ ಹಾಸಿ ಬದಲಿಸಿ. ನೆಲದಿಂದ ಯಾವ ಮಗುವೂ ಬೀಳುವುದಿಲ್ಲ. ಬೆನ್ನು, ಮಂಡಿ ನೋವಿರುವವರಿಗೆ ಟೇಬಲ್ ಬೇಕೇ ಬೇಕು ಅಂದರೆ ನಾಲ್ಕೂ ಕಡೆ ಅಂಚು ಏರಿಸಿ, ಗೋಡೆಗೆ ಬಿಗಿದು, ಬೇಕಾದ್ದೆಲ್ಲ ಮೊದಲೇ ಕೈಗೆ ಸಿಗುವಂತೆ ಇಟ್ಟುಕೊಳ್ಳಿ. ಒಂದು ಕೈ ಸದಾ ಮಗುವಿನ ಮೇಲಿರಲಿ. ಹೊಲಿಗೆ ಯಂತ್ರದ ಸ್ಟ್ಯಾಂಡ್ ಮಾತ್ರ ಬೇಡ, ಕೆಳಗಿನ ಚಕ್ರ ಮತ್ತು ತುಳಿಯುವ ಹಲಗೆ ಅಂಬೆಗಾಲಿನ ಮಗುವಿನ ಬೆರಳಿಗೆ ಬಲೆ.

ಹಾಸಿಗೆ, ದಿಂಬು, ಕೌದಿ?

ಹಾಸಿಗೆ ಹೊಸದಾಗಿ ಮಾಡಿಸಿ, ಇದರಲ್ಲಿ ಜುಗ್ಗತನ ಬೇಡ. ಬೂರುಗದ ಹತ್ತಿಯ ಮೆತ್ತನೆ ಹಾಸಿಗೆ ದೊಡ್ಡವರಿಗೆ ಸುಖ, ಮಗುವಿನ ಮೂಗು ಅದರಲ್ಲಿ ಹುದುಗುತ್ತದೆ. ಅಂಗೈ ಒತ್ತಿ ತೆಗೆದರೆ ಗುರುತು ಉಳಿಯದಷ್ಟು ಗಟ್ಟಿ ಇರಬೇಕು. ಮಲಗಿಸುವುದು ಅಂಗಾತ. ಮೊದಲ ವರ್ಷ ದಿಂಬು, ರಜಾಯಿ, ಗೊಂಬೆ ಯಾವುದೂ ಒಳಗೆ ಬೇಡ. ತಲೆ ದುಂಡಗಾಗಲಿ ಅಂತ ಸಾಸಿವೆ ದಿಂಬು ತರುತ್ತಾರೆ, ಪ್ರೀತಿಯಿಂದಲೇ ತರುತ್ತಾರೆ. ತಗೊಂಡು ಥ್ಯಾಂಕ್ಸ್ ಹೇಳಿ ಬೀರುವಿನಲ್ಲಿಡಿ. ಕೌದಿಯನ್ನು ಹಗಲು ನೆಲಕ್ಕೆ ಹಾಸಿ ಮಗುವನ್ನು ಬೋರಲು ಬಿಟ್ಟು ಆಡಿಸಿ. ಅತ್ತೆಯ ಹಳೆ ಇಳಕಲ್ ಸೀರೆಗಳ ಕೌದಿ ನಮ್ಮಲ್ಲಿದೆ, ಮಗಳು ಅದರ ಒಂದೊಂದು ಹೊಲಿಗೆಯನ್ನೂ ಬೆರಳಲ್ಲಿ ಕಿತ್ತು ನೋಡಿದ್ದಾಳೆ.

ಸಣ್ಣಪುಟ್ಟ ಹಳೆ ಸಾಮಾನು?

ನೆಲುವನ್ನು ಮಗುವಿಗೆ ಎಟುಕದ ಎತ್ತರದಲ್ಲಿ ತೂಗುಬಿಟ್ಟು ಬಟ್ಟೆ ಗೊಂಬೆ ಇಡಿ. ಹಿತ್ತಾಳೆ ಸೇರಿನಲ್ಲಿ ಬಾಚಣಿಗೆ, ಎಣ್ಣೆ ಬಾಟಲಿ ನಿಲ್ಲುತ್ತವೆ. ಚೆನ್ನೆಮಣೆ ಗೋಡೆಗೆ ಚಂದ, ಹುಣಸೆಬೀಜ ಮಾತ್ರ ಡಬ್ಬಿಯಲ್ಲಿ ಮುಚ್ಚಿಡಿ. ಸುಮಾರು 3 ಸೆಂಟಿಮೀಟರ್‌ಗಿಂತ ಚಿಕ್ಕದಾದ ಯಾವುದೂ ಮಗುವಿನ ಗಂಟಲಿಗೆ ಹೋಗಬಹುದು. ಡ್ರಾಯರಿನ ಸಡಿಲ ಹಿಡಿಗುಬುಟಗಳೂ ಈ ಲೆಕ್ಕಕ್ಕೇ.

ಮಗು ಹುಟ್ಟುವ ಮುಂಚೆ ತೊಟ್ಟಿಲು ತರಬಾರದು ಅಂತಾರೆ. ಯಾವಾಗ ಶುರು ಮಾಡೋದು?

ಹಿರಿಯರ ಜೊತೆ ಜಗಳ ಬೇಡ. ಸಾಮಾನು ಆಚಾರಿಯ ಕೊಟ್ಟಿಗೆಯಲ್ಲೇ ಇರಲಿ, ಮನೆಗೆ ತರಬೇಡಿ, ಅಷ್ಟೇ. ನಮ್ಮ ಪದ್ಧತಿಯಲ್ಲೇ ಇದಕ್ಕೆ ಒಂದು ಅನುಕೂಲ ಇದೆ ಕೂಡ. ಹೆರಿಗೆಗೆ ತವರಿಗೆ ಹೋದವರು ಮೂರೋ ಐದೋ ತಿಂಗಳಿಗೆ ವಾಪಸ್ ಬರುತ್ತಾರೆ. ಗಂಡನ ಮನೆಯಲ್ಲಿ ಉಜ್ಜುವುದು, ಪಾಲಿಶ್, ವಾಸನೆ ಹೋಗುವುದು ಎಲ್ಲ ಅಷ್ಟರಲ್ಲಿ ಮುಗಿಯುತ್ತದೆ. ತವರಲ್ಲಿ ಬೇಕಾದ್ದು ಐದನೇ ತಿಂಗಳಿಗೇ ಕೈಗೆತ್ತಿಕೊಳ್ಳಿ. ಆಚಾರಿ "ಮುಂದಿನ ವಾರ" ಅಂದರೆ ಮುಂದಿನ ತಿಂಗಳು ಅಂತ ಅರ್ಥ, ನಿಮಗೆ ಗೊತ್ತಿರುವುದೇ.

ಖರ್ಚು ಹೇಗೆ?

ಗಟ್ಟಿ ಮರ ನಿಮ್ಮದೇ ಆದರೆ ಉಳಿಯುವುದು ಕೂಲಿ ಮತ್ತು ಪಾಲಿಶ್. ನಮಗೆ ಮರಗೆಲಸಕ್ಕಿಂತ ಪಾಲಿಶಿಗೇ ಜಾಸ್ತಿ ಆಯಿತು. ಗುತ್ತಿಗೆಗಿಂತ ದಿನಗೂಲಿಗೆ ಮಾತಾಡಿ. ಗುತ್ತಿಗೆ ಅಂದರೆ ಉಜ್ಜುವ ಕೆಲಸದಲ್ಲಿ ಅವಸರ ಮಾಡುತ್ತಾರೆ, ಅವಸರ ಆಗಬಾರದ್ದು ಅಲ್ಲೇ.

ನಾವು ಅಮೆರಿಕದಲ್ಲಿದ್ದೇವೆ. ಗೆಳೆಯರು ಹಳೆ ಮಗುಮಂಚ ಕೊಡುತ್ತಿದ್ದಾರೆ.

ಪಕ್ಕ ಕೆಳಗೆ ಜಾರುವ ಮಾದರಿಯಾದರೆ ಬೇಡ ಅನ್ನಿ. 2011ರ ಜೂನ್‌ನಿಂದ ಅಲ್ಲಿ ಅದರ ಮಾರಾಟ ನಿಷೇಧ. ಜಾರುವ ಪಕ್ಕ ಕಳಚಿ ಮಕ್ಕಳು ಸಿಕ್ಕಿಕೊಂಡು ಸತ್ತ ಘಟನೆಗಳೇ ಕಾರಣ. ಆ ಮಂಚದ ಕಡ್ಡಿಗಳಲ್ಲಿ ಟವೆಲ್ ಸ್ಟ್ಯಾಂಡ್ ಮಾಡಿಕೊಳ್ಳಬಹುದು.

ಮಗು ದೊಡ್ಡದಾದ ಮೇಲೆ ಇದನ್ನೆಲ್ಲ ಏನು ಮಾಡೋದು?

ಪೆಟ್ಟಿಗೆಯಲ್ಲಿ ಈಗ ಬಣ್ಣದ ಪೆನ್ಸಿಲ್ಲು, ಮುರಿದ ಕಾರು, ಒಂದು ಒಣಗಿದ ಚಪಾತಿ ತುಂಡು. ತೊಟ್ಟಿಲು ಬಿಚ್ಚಿ, ಹಳೆ ಪಂಚೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದ್ದೆವು. ಹೋದ ತಿಂಗಳು ಚಿಕ್ಕಮ್ಮನ ಮಗಳು ಫೋನ್ ಮಾಡಿ ಕೇಳಿದಳು, ಅವಳಿಗೆ ಈಗ ಆರು ತಿಂಗಳು. ಕೊರಿಯರಿಗೆ ಕಟ್ಟುವಾಗ ಆಚಾರಿಯ ಆ 5.5 ಸೆಂಟಿಮೀಟರ್ ಮರದ ತುಂಡನ್ನೂ ಸರಪಳಿಗೆ ದಾರ ಹಾಕಿ ಕಟ್ಟಿದೆ. ಇದೇನಕ್ಕಾ ಅಂತ ಅವಳು ಇನ್ನೂ ಕೇಳಿಲ್ಲ.